ಬಳ್ಳಾರಿ ಜಾಲಿಯ ಮುಳ್ಳು ಮತ್ತು ಮೌಂಟನ್ ಬೈಕಿನ ಗಾಲಿ

ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಗಿಡಕ್ಕೆ ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ. ನಾವು ಅದರ ಹುಟ್ಟನ್ನು ಬಳ್ಳಾರಿಯ ತಲೆಗೆ ಕಟ್ಟಿದೆವು. ಅವರು ಸೀಮೆಯಿಂದ ಬಂದದ್ದೆಂದರು. ಅಮೆರಿಕ ಖಂಡದಿಂದ ಬಂದ ಆ ಗಿಡದ ಮಟ್ಟಿಗೆ ತಮಿಳರ ಮಾತೇ ನಿಜಕ್ಕೆ ಹತ್ತಿರ. ಹೆಸರು ಯಾವುದಾದರೇನು, ಮುಳ್ಳು ಒಂದೇ. ಚೆನ್ನೈ ನಗರದ ದಕ್ಷಿಣದ ಅಂಚು ದಾಟಿ ಕೇಳಂಬಾಕ್ಕಂ, ತಿರುಪ್ಪೋರೂರುಗಳ ಕಡೆಗೆ ಕೆರೆಯ ದಂಡೆ ಹಿಡಿದು ಸೈಕಲ್ ತುಳಿಯುವವರಿಗೆ ಈ ಮುಳ್ಳಿನ ಪರಿಚಯ ತಪ್ಪಿದ್ದಲ್ಲ. ಅದಕ್ಕೆ ಜೊತೆಯಾಗಿ ನೆಲದಲ್ಲಿ ಹರಡಿಕೊಂಡ ನೆಗ್ಗಿಲು ಇದ್ದೇ ಇರುತ್ತದೆ.

ಕಳೆದ ಮೇ ತಿಂಗಳ ಒಂದು ಭಾನುವಾರ ಅಂಥದೊಂದು ಮುಳ್ಳು ನನಗೆ ಪಾಠ ಕಲಿಸಿತು. ಪ್ಲಸ್ ಟೂ ಮುಗಿಸಿದ್ದ ಮಗ ಒಬ್ಬನೇ ಬೆಳಿಗ್ಗೆ ಮೌಂಟನ್ ಬೈಕು ಹತ್ತಿ ಹೊರಟಿದ್ದ. ಆರು ತಿಂಗಳ ಹಿಂದೆ ಅದರ ಎರಡೂ ಗಾಲಿಗಳನ್ನು ಟ್ಯೂಬ್‌ಲೆಸ್ ಮಾಡಿಸಿದವನು ನಾನೇ. "ಇನ್ನು ಪಂಕ್ಚರಿನ ಚಿಂತೆ ಬಿಡು, ಪಂಪೂ ಬೇಡ, ತೇಪೆಯ ಡಬ್ಬಿಯೂ ಬೇಡ" ಎಂದು ಹೇಳಿದವನೂ ನಾನೇ. ಕೆರೆಯ ದಂಡೆಯ ಮೇಲೆ ಹಿಂದಿನ ಗಾಲಿ ಕುಳಿತುಬಿಟ್ಟಿತು. ಅವನ ಫೋನಿನಲ್ಲಿ ಚಾರ್ಜು ಉಳಿದಿರಲಿಲ್ಲ. ನೆರಳಿಲ್ಲದ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಐದಾರು ಕಿಲೋಮೀಟರ್ ನಡೆದು, ಮುಖ್ಯರಸ್ತೆ ತಲುಪಿ, ಆಟೋ ಹಿಡಿದು ಮನೆಗೆ ಬರುವಾಗ ಹನ್ನೊಂದೂವರೆ. ಬಂದವನೇ ವಾಂತಿ ಮಾಡಿಕೊಂಡು ಮಲಗಿದ. ಬಿಸಿಲಿನ ಹೊಡೆತ ಎಂದರು ವೈದ್ಯರು. ಆ ರಾತ್ರಿ ಕೈಗೆ ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಮರುದಿನ ಟೈರು ಬಿಚ್ಚಿ ನೋಡಿದೆ. ಒಳಗೆ ದ್ರವವಾಗಿರಬೇಕಾದ ಬಿಳಿಯ ಹಾಲು ಒಣಗಿ, ಪಾತ್ರೆಯ ತಳದಲ್ಲಿ ಸೀದ ಕೆನೆಯಂತೆ ಅಂಟಿಕೊಂಡಿತ್ತು. ಮುಳ್ಳು ಕಿರುಬೆರಳಿನ ಉಗುರಿಗಿಂತ ಚಿಕ್ಕದು.

ಟ್ಯೂಬು ಮೇಲೋ, ಟ್ಯೂಬ್‌ಲೆಸ್ ಮೇಲೋ ಎಂಬ ಪ್ರಶ್ನೆಯನ್ನು ಅಂದಿನಿಂದ ನಾನು ಬೇರೆ ರೀತಿಯಲ್ಲಿ ಕೇಳತೊಡಗಿದ್ದೇನೆ. ಟ್ಯೂಬು ನಮಗೆ ಯಾವಾಗಲೋ ಒಮ್ಮೆ ಅವಘಡವನ್ನು ತರುತ್ತದೆ. ಟ್ಯೂಬ್‌ಲೆಸ್ ಆ ಅವಘಡವನ್ನು ಬಹುಮಟ್ಟಿಗೆ ತಪ್ಪಿಸಿ, ಅದಕ್ಕೆ ಬದಲಾಗಿ ತಪ್ಪದೆ ನಡೆಸಬೇಕಾದ ಒಂದು ಕರ್ತವ್ಯವನ್ನು ನಮ್ಮ ಮೇಲೆ ಹೊರಿಸುತ್ತದೆ. ಆ ಕರ್ತವ್ಯವನ್ನು ಹೊರಲಾರದವರು ಟ್ಯೂಬಿನಲ್ಲೇ ಉಳಿಯುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಚೆನ್ನೈಯಂಥ ಸೆಕೆಯ ಊರಿನಲ್ಲಂತೂ ಈ ಮಾತು ಇನ್ನಷ್ಟು ಸತ್ಯ.

ಗಾಳಿ ತುಂಬಿದ ಟೈರಿನ ಚರಿತ್ರೆಯಲ್ಲೂ ಒಬ್ಬ ತಂದೆ, ಒಬ್ಬ ಮಗ ಇದ್ದಾರೆ. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿಯ ಟೈರು ತಯಾರಿಸಿ, 1888ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಾಮಾನ್ಯ ಸೈಕಲ್ಲಿನ ಗಾಳಿ ಟ್ಯೂಬಿನೊಳಗೇ ಇತ್ತು. ಮದ್ರಾಸಿಗೂ ಈ ವಿದ್ಯೆ ಹೊಸತಲ್ಲ. 1946ರಲ್ಲಿ ತಿರುವೊಟ್ಟಿಯೂರಿನಲ್ಲಿ ಮಕ್ಕಳ ಬಲೂನು ಮಾಡುತ್ತ ಆರಂಭವಾದದ್ದು ಎಂ.ಆರ್.ಎಫ್.; 1949ರಲ್ಲಿ ಸ್ಥಾಪನೆಯಾಗಿ ಅಂಬತ್ತೂರಿನಲ್ಲಿ ಸೈಕಲ್ ತಯಾರಿಸಿದ್ದು ಟಿ.ಐ. ಸೈಕಲ್ಸ್. ಇಷ್ಟು ದೀರ್ಘ ಬಳಕೆಯ ಫಲವಾಗಿ ಟ್ಯೂಬಿನ ರಿಪೇರಿ ಬಲ್ಲವರು ಇಲ್ಲಿ ಬೀದಿಬೀದಿಯಲ್ಲೂ ಇದ್ದಾರೆ. ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ತೇಪೆ ಒತ್ತುವುದು ಹತ್ತು ನಿಮಿಷದ ಕೆಲಸ. ಕಲಿಯುವ ಮನಸ್ಸಿದ್ದರೆ ಹತ್ತು ವರ್ಷದ ಹುಡುಗಿಯೂ ಕಲಿಯಬಲ್ಲಳು.

ಟ್ಯೂಬಿನ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಮುಳ್ಳಿಗೆ ಅದು ಸುಲಭದ ತುತ್ತು. ಗಾಳಿ ಕಡಿಮೆಯಿದ್ದು ಗಾಲಿ ಕಲ್ಲಿಗೆ ಬಡಿದರೆ, ಕಲ್ಲಿಗೂ ರಿಮ್ಮಿನ ಅಂಚಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ಗಾಯವಾಗುತ್ತದೆ. ಅದನ್ನು ತಪ್ಪಿಸಲು ಗಾಳಿ ಹೆಚ್ಚಿಸಿದರೆ ಗಾಲಿ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಮೌಂಟನ್ ಬೈಕಿಗೆ ಹಿಡಿತವೇ ಪ್ರಾಣ.

ಟ್ಯೂಬ್‌ಲೆಸ್ ಪರಿಹರಿಸಿದ್ದು ಈ ಸಂಕಟವನ್ನೇ. 1999ರಲ್ಲಿ ಮಾವಿಕ್ ಎಂಬ ಫ್ರೆಂಚ್ ಸಂಸ್ಥೆ ಮಿಶೆಲಿನ್, ಹಚಿನ್ಸನ್ ಟೈರು ತಯಾರಕರೊಡನೆ ಸೇರಿ ಮೌಂಟನ್ ಬೈಕಿಗೆ ಟ್ಯೂಬಿಲ್ಲದ ಗಾಲಿಯನ್ನು ಮಾರುಕಟ್ಟೆಗೆ ತಂದಿತು. ಇಂದು ನಾವು ಬಳಸುವ ಬಗೆಯಲ್ಲಿ ರಿಮ್ಮಿನ ಒಳಗೆ ಗಾಳಿ ಸೋರದ ಟೇಪು, ಅದಕ್ಕೊಂದು ವಾಲ್ವು, ಟೈರಿನೊಳಗೆ ರಬ್ಬರಿನ ಹಾಲು ಬೆರೆತ ದ್ರವ ಇರುತ್ತವೆ. ಮುಳ್ಳು ಚುಚ್ಚಿದೊಡನೆ ಹೊರನುಗ್ಗುವ ಗಾಳಿಯ ಜೊತೆಗೆ ದ್ರವವೂ ನುಗ್ಗಿ, ತೂತಿನಲ್ಲೇ ಹೆಪ್ಪುಗಟ್ಟಿ ಮುಚ್ಚಿಬಿಡುತ್ತದೆ. ಕಚ್ಚಿಸಿಕೊಳ್ಳಲು ಟ್ಯೂಬೇ ಇಲ್ಲವಾದ್ದರಿಂದ ಗಾಳಿಯನ್ನೂ ಇಳಿಸಬಹುದು. ಟ್ಯೂಬಿದ್ದಾಗ 30 ಪಿ.ಎಸ್.ಐ. ತುಂಬುತ್ತಿದ್ದವರು 23–25ರಲ್ಲಿ ಆರಾಮವಾಗಿ ಸಾಗಬಹುದು. ಒಮ್ಮೆ ಇದರ ಹಿಡಿತದ ರುಚಿ ಕಂಡವರು ಹಿಂದಿರುಗಲು ಒಲ್ಲೆನೆನ್ನುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಹಾಲು ಒಣಗುವ ವಸ್ತು. ತಂಪಿನ ನಾಡಿನಲ್ಲಿ ಆರು ತಿಂಗಳು ಬಾಳಿದರೂ ಬಾಳೀತು. ನಮ್ಮ ಬಾಲ್ಕನಿಯ ಬಿಸಿಲಿನಲ್ಲಿ ಎರಡು ಮೂರು ತಿಂಗಳಾದರೆ ಹೆಚ್ಚು. ಆಗಾಗ ಅಲುಗಿಸಿ ನೋಡಬೇಕು, ಕಡಿಮೆಯಾದರೆ ವಾಲ್ವಿನ ಮೂಲಕ ತುಂಬಬೇಕು. ಟೈರು ರಿಮ್ಮಿನಿಂದ ಪೂರ್ತಿ ಕಳಚಿಕೊಂಡರೆ ಅದನ್ನು ಮತ್ತೆ ಕೂರಿಸಲು ಕೈಪಂಪು ಸಾಲದೆ ಕಂಪ್ರೆಸರಿನ ಒಮ್ಮೆಲೇ ನುಗ್ಗುವ ಗಾಳಿ ಬೇಕಾಗಬಹುದು. ಟೈರಿನ ಪಕ್ಕೆ ಸೀಳಿದರಂತೂ ಆ ಹಾಲು ಸಾಮಾನ್ಯವಾಗಿ ನಿಲ್ಲದು.

ಇಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಸ್ಕೂಟರಿನ ಅನುಭವ. ಸ್ಕೂಟರಿನ ಟ್ಯೂಬ್‌ಲೆಸ್ ಟೈರಿಗೆ ಇಂಥ ಆರೈಕೆ ಬೇಡ. ಮೊಳೆ ಚುಚ್ಚಿದರೆ ಬೀದಿಬದಿಯವರು ರಬ್ಬರಿನ ಬತ್ತಿ ತೂರಿಸಿ ಕಳುಹಿಸುತ್ತಾರೆ. ಆ ಟೈರು ದಪ್ಪ, ದ್ರವವಿಲ್ಲದೆಯೇ ಗಾಳಿ ಹಿಡಿದಿಡುತ್ತದೆ. ಸೈಕಲ್ಲಿನದು ತೆಳುವು, ಅದರ ಭರವಸೆಯೆಲ್ಲ ಒಳಗಿನ ಹಾಲಿನದು. ಸ್ಕೂಟರಿಗೆ ಬಳಸುವ ದಪ್ಪ ಸೂಜಿಯನ್ನು ಅದಕ್ಕೆ ತೂರಿದರೆ ಗಾಯ ಹಿರಿದಾಗುವುದೇ ಹೆಚ್ಚು. ಹೆಸರು ಒಂದೇ ಆದ್ದರಿಂದ ಸ್ವಭಾವವೂ ಒಂದೇ ಎಂದು ನಂಬಿದ್ದು ನನ್ನ ತಪ್ಪು.

ಪ್ರತಿ ವಾರವೂ ಗುಡ್ಡ, ಕೆರೆ, ಕುರುಚಲು ಕಾಡು ಸುತ್ತುವ ಗೆಳೆಯರು ಈ ಮಾತನ್ನು ಒಪ್ಪುವುದಿಲ್ಲ. "ಟ್ಯೂಬು ಹಾಕಿಕೊಂಡು ಜಾಲಿಯ ನಡುವೆ ಹೋಗಿ ಒಂದೇ ಬೆಳಿಗ್ಗೆ ಮೂರು ಸಲ ತೇಪೆ ಹಚ್ಚಿದವರಿಗೆ ಗೊತ್ತು ಅದರ ಕಷ್ಟ" ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿಯೇ. ವಾರವಾರವೂ ಓಡುವ ಗಾಲಿಯ ಒಡೆಯನಿಗೆ ಗಾಲಿಯ ಸ್ಥಿತಿ ತಾನಾಗಿ ತಿಳಿದಿರುತ್ತದೆ. ಆದರೆ ನಮ್ಮ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಿಂತಿರುವ ಮೌಂಟನ್ ಬೈಕುಗಳಲ್ಲಿ ಎಷ್ಟು ಗುಡ್ಡ ಕಂಡಿವೆ? ತಿಂಗಳಿಗೊಮ್ಮೆ ಮಹಾಬಲಿಪುರದ ರಸ್ತೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಮರಳುವ ಸೈಕಲ್ಲಿಗೆ ಟ್ಯೂಬು ಸಾಕು. ಎಷ್ಟೋ ಅಗ್ಗದ ಬೈಕುಗಳ ರಿಮ್ಮು ಟ್ಯೂಬ್‌ಲೆಸ್‌ಗೆಂದು ಮಾಡಿದ್ದೂ ಅಲ್ಲ. ಅದನ್ನು ಬಲವಂತವಾಗಿ ಒಗ್ಗಿಸುವ ದುಡ್ಡಿನಲ್ಲಿ ಒಳ್ಳೆಯ ಟೈರು, ಒಳ್ಳೆಯ ಪಂಪು ಕೊಳ್ಳಬಹುದು.

ಯಾವುದನ್ನೇ ಆರಿಸಿದರೂ ಒಂದು ಮಾತನ್ನು ಮಾತ್ರ ಮರೆಯಬಾರದು. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬು, ಎರಡು ಲಿವರು, ಪುಟ್ಟ ಪಂಪು ಇರಲೇಬೇಕು. ಟ್ಯೂಬ್‌ಲೆಸ್ ಕೈಕೊಟ್ಟಾಗಲೂ ವಾಲ್ವು ಕಳಚಿ, ಒಳಗಿನ ಮುಳ್ಳನ್ನು ಬೆರಳಾಡಿಸಿ ತೆಗೆದು, ಟ್ಯೂಬು ಹಾಕಿದರೆ ಮನೆ ಸೇರಬಹುದು. ಮೇ ತಿಂಗಳಲ್ಲಿ ಎರಡು ಬಾಟಲಿ ನೀರೂ ಜೊತೆಗಿರಲಿ.

ಮಗ ಚೇತರಿಸಿಕೊಂಡ ಮೇಲೆ ನಾನು ಎರಡು ಟ್ಯೂಬು ತಂದು ಅವನ ಮುಂದಿಟ್ಟೆ. ಅವನು ಒಂದನ್ನು ಚೀಲಕ್ಕೆ ಹಾಕಿಕೊಂಡು ಇನ್ನೊಂದನ್ನು ನನಗೇ ಮರಳಿಸಿದ. "ಅಪ್ಪಾ, ನನ್ನದು ಟ್ಯೂಬ್‌ಲೆಸ್ಸೇ ಇರಲಿ. ಹಾಲು ನೋಡಿಕೊಳ್ಳೋದು ಇನ್ನುಮೇಲೆ ನನ್ನ ಕೆಲಸ" ಎಂದ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಏಕಾದಶಿಗಳ ನಡುವೆ ಈಗ ಎರಡು ತಿಂಗಳಿಗೊಂದು ದಿನಕ್ಕೆ ಅವನ ಕೈಬರಹದಲ್ಲಿ "ಹಾಲು" ಎಂದು ಬರೆದಿರುತ್ತದೆ. ನನ್ನ ಹಳೆಯ ಸೈಕಲ್ಲಿನಲ್ಲಿ ಟ್ಯೂಬೇ ಇದೆ. ಇಬ್ಬರ ಆಯ್ಕೆಯೂ ಸರಿಯೆಂದೇ ನನ್ನ ನಂಬಿಕೆ.