ಹರಕೆ ಇರಲಿ, ಆಪರೇಶನ್ ತಾರೀಖು ತಪ್ಪದಿರಲಿ

ಅಕ್ಕಲಕೋಟ: ಬರುವ ಮಂಗಳವಾರ ನಮ್ಮಪ್ಪನಿಗೆ ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಬೈಪಾಸ್ ಆಪರೇಶನ್ ಇದೆ. ವಯಸ್ಸು 66. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ. ಜೊತೆಗೆ ಸಕ್ಕರೆ ಕಾಯಿಲೆ. ನಿಮ್ಮ ಮನೆ ಸುದ್ದಿ ಪತ್ರಿಕೆಗೆ ಯಾಕೆ ಎಂದು ಓದುಗರು ಕೇಳಬಹುದು. ಈ ಹದಿನೈದು ದಿನದಲ್ಲಿ ನಾನು ಕಂಡದ್ದು ಗಡಿನಾಡಿನ ಯಾವ ಕನ್ನಡ ಮನೆಯಲ್ಲಾದರೂ ನಡೆಯುವಂಥದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಸುದ್ದಿ ಗೊತ್ತಾದ ದಿನದಿಂದ ಮನೆ ತುಂಬ ಜನ. ಕಾಕಾ ಸ್ವಾಮಿ ಸಮರ್ಥರ ವಟವೃಕ್ಷದ ಗುಡಿಯಿಂದ ಅಂಗಾರ ತಂದು ಅಪ್ಪನ ಹಣೆಗೆ ಹಚ್ಚಿದರು. ಅತ್ತಿ ಸೊಲ್ಲಾಪುರದ ಸಿದ್ಧರಾಮೇಶ್ವರನಿಗೆ ಹರಕೆ ಹೊತ್ತಳು. ಅಣ್ಣ ನೆಟ್ಟಗಾಗಿ ಮನೆಗೆ ಬಂದರೆ 68 ಲಿಂಗಗಳಿಗೂ ನಡೆದುಕೊಂಡು ಹೋಗಿ ಕಾಯಿ ಒಡೆಸುತ್ತಾಳಂತೆ. ಓಣಿಯ ಚಾಚಾ ಹೈದ್ರಾ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿ ತಂದರು. ಅಪ್ಪ ತಿನ್ನುವ ಹಾಗಿಲ್ಲ, ಮೊಮ್ಮಕ್ಕಳು ತಿಂದವು.

ಇದನ್ನು ಕಂಡು ನಗುವ ಪೈಕಿ ನಾನಲ್ಲ. ಆಪರೇಶನ್ ಎಂದ ಮೇಲೆ ಎರಡು ರಾತ್ರಿ ನಿದ್ದೆ ಬಿಟ್ಟು ಕೂತಿದ್ದ ಅಪ್ಪ, ಅಂಗಾರ ಹಚ್ಚಿದ ರಾತ್ರಿ ಬೆಳಗಿನತನಕ ಮಲಗಿದರು. ಡಾಕ್ಟರರ ಚೀಟಿಯಲ್ಲಿ ಆ ಧೈರ್ಯಕ್ಕೆ ಗುಳಿಗೆ ಇರಲಿಲ್ಲ.

ಆದರೆ ಭಕ್ತಿಯ ಬೆನ್ನಿಗೇ ಬೇರೆ ಸಲಹೆಗಳೂ ಬಂದವು. ಮಂಗಳವಾರ ಬೇಡ, ಗುರುವಾರ ಸ್ವಾಮಿಗಳ ವಾರ, ಅಂದೇ ಮಾಡಿಸಿರಿ ಎಂದರು ಒಬ್ಬರು. ಅಮಾವಾಸ್ಯೆ ದಾಟಲಿ ಎಂದರು ಇನ್ನೊಬ್ಬರು. ಸೋಮವಾರ ಅಪ್ಪನೂ ಉಪವಾಸ ಮಾಡಲಿ ಎಂದಳು ಅತ್ತಿ. ದೂರದ ಬೀಗರೊಬ್ಬರು ಗುಳಿಗೆ ಬಿಡಿಸಿ, ಬೇರು ಅರೆದು ಕುಡಿಸಿರಿ, ಆಪರೇಶನ್ನೇ ಬೇಕಾಗುವುದಿಲ್ಲ ಎಂದರು.

ಇಲ್ಲಿ ನಾವು ಗಟ್ಟಿಯಾಗಿ ನಿಲ್ಲಬೇಕು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಮನುಷ್ಯ ಎಚ್ಚರ ತಪ್ಪಬಹುದು. ರಕ್ತ ತೆಳುವಾಗಿಸುವ ಗುಳಿಗೆಯನ್ನು ಯಾವ ದಿನ ನಿಲ್ಲಿಸಬೇಕು ಎಂಬುದನ್ನು ಡಾಕ್ಟರರೇ ಹೇಳಬೇಕು. ಬೇರು, ಎಲೆಯ ಔಷಧ ಕುಡಿಸಿದ್ದರೆ ಮುಚ್ಚಿಡದೆ ಅವರಿಗೆ ತಿಳಿಸಬೇಕು. ಕೆಲವು ಔಷಧಗಳಿಂದ ರಕ್ತ ನಿಲ್ಲುವುದು ಕಷ್ಟವಾಗುತ್ತದೆ. ಆಪರೇಶನ್ ದಿನ ಬೆಳಿಗ್ಗೆ ಬಾಯಿಗೆ ಚೂರು ಪ್ರಸಾದವನ್ನೂ ಹಾಕಬಾರದು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಪ್ರಸಾದ ಎಲ್ಲಿಗೂ ಓಡಿ ಹೋಗುವುದಿಲ್ಲ. ಕಟ್ಟಿಡಿ, ಆಮೇಲೆ ಕೊಡಿ.

ನಾವು ಯಾರಿಗೆ ಹರಕೆ ಹೊರುತ್ತೇವೋ ಆ ಸಿದ್ಧರಾಮನನ್ನೇ ನೋಡಿ. 12ನೆಯ ಶತಮಾನದ ಆ ಶರಣ ಸೊನ್ನಲಿಗೆಯಲ್ಲಿ ನೀರು ಬೇಕೆಂದು ಬರೀ ಕೈಮುಗಿದು ಕೂಡಲಿಲ್ಲ. ಜನರನ್ನು ಕೂಡಿಸಿ ಕೆರೆ ಅಗೆಸಿದ. ಇಂದೂ ಅವನ ಗುಡಿ ಕೆರೆಯ ನೀರಿನ ನಡುವೆಯೇ ಇದೆ. ಅವನ ಭಕ್ತರು ಗುದ್ದಲಿ ಬದಿಗಿಟ್ಟು ಬರೀ ಹರಕೆ ಹೊತ್ತರೆ ಅವನಿಗೇ ಸೇರಲಿಕ್ಕಿಲ್ಲ.

ಇನ್ನೊಂದು ಮಾತು ಭಾಷೆಯದು. ವಾರ್ಡಿನಲ್ಲಿ ಡಾಕ್ಟರರು ಮರಾಠಿಯಲ್ಲಿ 'ಥೋಡಾ ಧೋಕಾ ಆಹೆ' ಅಂದರು. ಸ್ವಲ್ಪ ಅಪಾಯ ಇದೆ ಎಂದು ಅದರ ಅರ್ಥ. ಅವ್ವ ನನ್ನ ತೋಳು ಹಿಡಿದು, 'ಏನ್ ಧೋಕಾ ಮಾಡ್ತಾರಂತೋ ಇವರು?' ಎಂದು ಕೇಳಿದಳು. ಮೋಸ ಎಂದೇ ಅವಳು ತಿಳಿದಿದ್ದಳು. ಎರಡೂ ಭಾಷೆ ಬಲ್ಲ ನಾನು ಅಲ್ಲಿದ್ದೆ, ಬಿಡಿಸಿ ಹೇಳಿದೆ. ನಾನಿಲ್ಲದಿದ್ದರೆ ಆ ಒಂದು ಶಬ್ದಕ್ಕೇ ಅವ್ವ ಅಪ್ಪನನ್ನು ಎಬ್ಬಿಸಿಕೊಂಡು ಊರಿನ ಬಸ್ಸು ಹತ್ತುತ್ತಿದ್ದಳೋ ಏನೋ.

ಆಮೇಲೆ ಒಪ್ಪಿಗೆ ಪತ್ರ ಬಂತು. ಇಂಗ್ಲಿಷು, ಮರಾಠಿ. ಬಾಣ ಹಾಕಿದಲ್ಲಿ ಸಹಿ ಮಾಡಿ ಎಂದರು. ಅಪ್ಪನಿಗೆ ಏನೂ ಹೇಳಬೇಡ, ಎದೆ ಒಡಕೊಂತಾರ ಎಂದು ಕಾಕಾ ಪಿಸುಗುಟ್ಟಿದರು. ಅಪ್ಪ ಕೇಳಿಸಿಕೊಂಡರು. 'ಬದುಕೂದು ಸಾಯೂದು ಸಿದ್ಧರಾಮನ ಕೈಯಾಗ ಐತಿ. ಸಹಿ ಮಾಡೂದು ನನ್ನ ಕೈಯಾಗ ಐತಿ. ಓದಿ ಹೇಳು' ಎಂದರು.

ಓದಿದೆ. ಕಾಲುವೆಯಲ್ಲಿ ಹೂಳು ತುಂಬಿದರೆ ಪಕ್ಕಕ್ಕೆ ಇನ್ನೊಂದು ಕಾಲುವೆ ತೆಗೆದು ಹೊಲಕ್ಕೆ ನೀರು ಮುಟ್ಟಿಸುತ್ತೀರಲ್ಲ, ಹಾಗೆಯೇ ಕಾಲಿನಿಂದಲೋ ಎದೆಯೊಳಗಿಂದಲೋ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ ಎಂದೆ. ಅಪಾಯವನ್ನೂ ಹೇಳಿದೆ. ಅಪ್ಪ ಸುಮ್ಮನೆ ಕೇಳಿ, ಸೊಸೈಟಿ ಸಾಲದ ಕಾಗದ ಎಲ್ಲಿದೆ, ತೊಗರಿ ದುಡ್ಡು ಯಾರಿಂದ ಬರಬೇಕು, ಎಲ್ಲ ಬರೆಸಿದರು. ಎದೆ ಒಡೆಯಲಿಲ್ಲ. ಆಮೇಲೆ ತಮ್ಮ ಕೈಯಿಂದಲೇ ಸಹಿ ಮಾಡಿದರು.

ಇದು ದಯೆಯಿಂದ ಸಿಗುವ ಸವಲತ್ತಲ್ಲ. ರೋಗಿಯ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಇದೆ. ಸೊಲ್ಲಾಪುರದ ದವಾಖಾನೆಗಳಿಗೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದವರಷ್ಟೇ ಅಲ್ಲ, ಇಂಡಿ, ಅಫಜಲಪುರ, ಆಳಂದ ಕಡೆಯವರೂ ಬರುತ್ತಾರೆ. ಕನ್ನಡದಲ್ಲಿ ಒಂದು ಒಪ್ಪಿಗೆ ಪತ್ರ ಅಚ್ಚು ಹಾಕಿಸಲು ಎಷ್ಟು ಖರ್ಚು? ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಪೆಂಡಾಲಿನ ಜೊತೆಗೆ, ದವಾಖಾನೆಯಲ್ಲಿ ದುಭಾಷಿಯಾಗಿ ನಿಲ್ಲುವ ನಾಲ್ಕು ಹುಡುಗರನ್ನೂ ತಯಾರು ಮಾಡಲಿ.

ದುಡ್ಡಿನ ಹೆದರಿಕೆಯಿಂದ ಆಪರೇಶನ್ ಮುಂದೆ ಹಾಕುವವರಿಗೂ ಒಂದು ಮಾತು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ 2012ರಲ್ಲಿ ರಾಜೀವ್ ಗಾಂಧಿಯವರ ಹೆಸರಿನಲ್ಲಿ ಮೊದಲು ಶುರುವಾದ ಎಂಟು ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಇದ್ದ ಮಿತಿಯನ್ನು 5 ಲಕ್ಷಕ್ಕೆ ಏರಿಸಲು 2023ರಲ್ಲಿ ಸರ್ಕಾರ ತೀರ್ಮಾನಿಸಿತು. ಬೈಪಾಸ್ ಇದರಲ್ಲಿ ಸೇರಿದೆ. ಹೊಲ ಒತ್ತೆ ಇಡುವ ಮೊದಲು ರೇಶನ್ ಕಾರ್ಡ್, ಆಧಾರ್ ಹಿಡಿದು ಯೋಜನೆಗೆ ಸೇರಿದ ದವಾಖಾನೆಯ ಆರೋಗ್ಯಮಿತ್ರರನ್ನು ಕಾಣಿರಿ.

ನಮ್ಮ ಮನೆಯಲ್ಲಿ ಈಗ ಕೆಲಸ ಹಂಚಿಕೆಯಾಗಿದೆ. ರಕ್ತ ಕೊಡಲು ಓಣಿಯ ಹುಡುಗರು ಹೆಸರು ಕೊಟ್ಟಿದ್ದಾರೆ. ಚಾಚಾ ಜೀಪು ತರುತ್ತಾರೆ. ಅಪ್ಪನ ಬದಲು ಅವ್ವ ಉಪವಾಸ ಮಾಡುತ್ತಾಳೆ. ಅತ್ತಿಯ ಹರಕೆ ಹಾಗೇ ಇದೆ. ತಾರೀಖು ಮಾತ್ರ ಬದಲಾಗಿಲ್ಲ, ಮಂಗಳವಾರವೇ. ಆ ದಿನ ಈ ಪುಟ ಓದುವವರು ನಮ್ಮಪ್ಪನಿಗಾಗಿ ಒಂದು ಸಲ ಕೈಮುಗಿಯಿರಿ. ಬೇಡ ಎನ್ನುವುದಿಲ್ಲ.