ನೆರೆಯ ರೆಸಾರ್ಟು, ಊರಿನ ಹಳ್ಳ

ಮಲೆನಾಡಿನ ಊರುಗಳ ಅಂಚಿನಲ್ಲಿ ರೆಸಾರ್ಟು, ಹೋಂಸ್ಟೇಗಳು ಏಳುತ್ತಿವೆ. ಅವುಗಳಿಂದ ಕೆಲವರಿಗೆ ದುಡಿಮೆ ದೊರೆತಿರುವುದೂ ನಿಜ. ಆದರೆ ಅವುಗಳ ಕೊಳೆನೀರು ಕೆಳಗಿನ ಮನೆಗಳವರು ಕುಡಿಯುವ ಹಳ್ಳವನ್ನು ಸೇರಿದರೆ, ನಡುರಾತ್ರಿಯವರೆಗೆ ಧ್ವನಿವರ್ಧಕ ಮೊರೆದರೆ, ಅದು ಬರಿಯ ಬೇಲಿಜಗಳವಲ್ಲ, ಸಾರ್ವಜನಿಕ ಉಪದ್ರವ. ಕಾನೂನು ಅದನ್ನು ತಡೆಯಬಲ್ಲದು.

ಮಧ್ಯಪ್ರದೇಶದ ರತ್ಲಾಂ ಪಟ್ಟಣದ ನಿವಾಸಿಗಳು ತೆರೆದ ಚರಂಡಿ ಹಾಗೂ ಮದ್ಯಸಾರ ಕಾರ್ಖಾನೆಯ ಹೊಲಸಿನಿಂದ ರಕ್ಷಣೆ ಕೋರಿ ಮ್ಯಾಜಿಸ್ಟ್ರೇಟರ ಮೊರೆಹೊಕ್ಕಿದ್ದರು. ಹಣವಿಲ್ಲವೆಂಬ ಪುರಸಭೆಯ ನೆಪವನ್ನು 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಳ್ಳಿಹಾಕಿದರು. ಅಂದು ನಿವಾಸಿಗಳಿಗೆ ಆಸರೆಯಾದದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ.

ಒಂಟಿ ಮನೆಯ ದೂರು ಕಡತದಲ್ಲೇ ಉಳಿದೀತು. ಆದ್ದರಿಂದ ಹಳ್ಳವನ್ನು ನಂಬಿದ ಮನೆಗಳವರೆಲ್ಲ ಸಹಿಮಾಡಿ, ದಿನಾಂಕ ಮತ್ತು ಛಾಯಾಚಿತ್ರಗಳೊಡನೆ ಉಪವಿಭಾಗಾಧಿಕಾರಿಗಳಿಗೆ ಮನವಿ ಸಲ್ಲಿಸಬೇಕು. ಓದುಬಲ್ಲ ಮಕ್ಕಳು ಹಿರಿಯರಿಗೆ ಅದನ್ನು ಬರೆದುಕೊಡಲಿ. ಮನವಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ತಲುಪಲಿ; ಸ್ವೀಕೃತಿಯ ಮುದ್ರೆ ಬೀಳುವವರೆಗೆ ಯಾರೂ ಕಚೇರಿಯಿಂದ ಹಿಂದಿರುಗದಿರಲಿ.