ಯಂತ್ರದ ವೇಗ ಮತ್ತು ಲೆಕ್ಕದ ವೇಗ

ಲೆಕ್ಕ ನಿಧಾನವಾಯಿತೆಂದರೆ ಇನ್ನೂ ದೊಡ್ಡ ಯಂತ್ರ ಬೇಕೆಂದು ಕೇಳುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ಅಭ್ಯಾಸ. ಇರುವ ಯಂತ್ರವನ್ನು ಸರಿಯಾಗಿ ದುಡಿಸಿಕೊಂಡಿದ್ದೇವೆಯೇ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯೇ ಒಂದು ಶಾಸ್ತ್ರ. ಅದನ್ನು ಕಾಲೇಜಿನ ಮೊದಲ ವರ್ಷದಿಂದಲೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

2020ರಲ್ಲಿ ಅಮೆರಿಕದ ಎಂ.ಐ.ಟಿ.ಯ ಚಾರ್ಲ್ಸ್ ಲೈಸರ್ಸನ್ ಮತ್ತು ಅವರ ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವಿವರಿಸಿದರು. 4096 ಅಡ್ಡಸಾಲು, 4096 ಕಂಬಸಾಲುಗಳುಳ್ಳ ಎರಡು ಮಾತೃಕೆಗಳನ್ನು ಗುಣಿಸಬೇಕು, ಅಷ್ಟೆ. ಪೈಥಾನ್ ಭಾಷೆಯಲ್ಲಿ ನೇರವಾಗಿ ಬರೆದ ಪ್ರೋಗ್ರಾಂ ಇದಕ್ಕೆ ಸುಮಾರು 7 ಗಂಟೆಗಳನ್ನು ತೆಗೆದುಕೊಂಡಿತು. ಸಿ ಭಾಷೆಯಲ್ಲಿ ಬರೆದಾಗ ಅದು 9 ನಿಮಿಷಗಳಿಗೆ ಇಳಿಯಿತು. ಕೆಲಸವನ್ನು ಯಂತ್ರದ 18 ಕೋರ್‌ಗಳಿಗೂ ಹಂಚಿದಾಗ ಸುಮಾರು 70 ಸೆಕೆಂಡು. ಮಾತೃಕೆಗಳನ್ನು ಸಣ್ಣ ತುಂಡುಗಳಾಗಿ ಒಡೆದು ಗುಣಿಸಿದಾಗ 4 ಸೆಕೆಂಡಿಗೂ ಕಡಿಮೆ. ಹಲವು ಸಂಖ್ಯೆಗಳನ್ನು ಒಮ್ಮೆಗೇ ಗುಣಿಸುವ ವಿಶೇಷ ಆದೇಶಗಳನ್ನು ಬಳಸಿದ ಮೇಲೆ ಉಳಿದುದು 0.41 ಸೆಕೆಂಡು ಮಾತ್ರ! ಯಂತ್ರ ಅದೇ, ಗುಣಾಕಾರಗಳ ಸಂಖ್ಯೆಯೂ ಅದೇ. ವೇಗ ಮಾತ್ರ 60,000 ಪಟ್ಟಿಗೂ ಮಿಕ್ಕಿ ಹೆಚ್ಚಿತು.

ಇದರಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. 18 ಕೋರ್‌ಗಳನ್ನು ಹೂಡಿದುದರಿಂದ ದೊರೆತ ಲಾಭ ಸುಮಾರು 8 ಪಟ್ಟು. ಕೇವಲ ತುಂಡು ಮಾಡಿದುದರಿಂದ ದೊರೆತುದು 18 ಪಟ್ಟು. ಏಕೆ ಹೀಗೆ? ಮದುವೆಯ ಮನೆಯ ಅಡಿಗೆಯವನನ್ನು ನೆನೆಯಿರಿ. ಆತನ ಕೈ ಎಷ್ಟೇ ಚುರುಕಾದರೂ ಪ್ರತಿಯೊಂದು ಚಿಟಿಕೆ ಉಪ್ಪಿಗೂ ಹಿತ್ತಿಲಾಚೆಯ ಉಗ್ರಾಣಕ್ಕೆ ಆಳನ್ನು ಅಟ್ಟುತ್ತಿದ್ದರೆ ಊಟ ಸಂಜೆಗೂ ಸಿದ್ಧವಾಗದು. ಪ್ರೊಸೆಸರ್‌ಗೆ ಮುಖ್ಯ ಸ್ಮೃತಿಯೇ ಆ ಉಗ್ರಾಣ. ಅಲ್ಲಿಂದ ಒಂದು ಸಂಖ್ಯೆಯನ್ನು ತರುವಷ್ಟರಲ್ಲಿ ನೂರಾರು ಲೆಕ್ಕಗಳನ್ನು ಮಾಡಿಬಿಡಬಹುದು. ಆದುದರಿಂದಲೇ ಒಲೆಯ ಪಕ್ಕದ ಸಾಂಬಾರ ಪೆಟ್ಟಿಗೆಯಂತೆ ಕ್ಯಾಶ್ ಎಂಬ ಚಿಕ್ಕ, ಚುರುಕಾದ ಸ್ಮೃತಿಯೊಂದನ್ನು ಪ್ರೊಸೆಸರ್‌ನ ಒಳಗೇ ಇರಿಸಿರುತ್ತಾರೆ. ತಂದುದನ್ನು ಚೆಲ್ಲುವ ಮೊದಲು ಮತ್ತೆ ಮತ್ತೆ ಬಳಸಿಕೊಳ್ಳುವುದೇ ತುಂಡು ಮಾಡುವುದರ ಗುಟ್ಟು.

ಮಹಾಗಣಕಗಳಿಗೂ ಈ ಕಷ್ಟ ತಪ್ಪಿದ್ದಲ್ಲ. ಓಕ್ ರಿಡ್ಜ್‌ನ ‘ಫ್ರಾಂಟಿಯರ್’ 2022ರಲ್ಲಿ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ಸೆಕೆಂಡಿಗೆ ಒಂದು ಎಕ್ಸಾಫ್ಲಾಪ್, ಎಂದರೆ ಒಂದರ ಮುಂದೆ 18 ಸೊನ್ನೆಗಳಷ್ಟು ಲೆಕ್ಕಗಳ ಗಡಿಯನ್ನು ದಾಟಿತು. ಸ್ಮೃತಿಯಿಂದ ಸಂಖ್ಯೆಗಳನ್ನು ತರುವುದಕ್ಕೇ ಹೆಚ್ಚು ಒತ್ತು ಬೀಳುವ ಎಚ್‌ಪಿಸಿಜಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅದೇ ಯಂತ್ರದ ವೇಗ ಇದರ ನೂರಕ್ಕೆ 2 ಪಾಲನ್ನೂ ಮುಟ್ಟಲಿಲ್ಲ. ಯಂತ್ರಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕೂ ಮಿತಿಯುಂಟು. ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದದಂತೆ, ಕೆಲಸದಲ್ಲಿ ನೂರಕ್ಕೆ 5 ಪಾಲು ಒಂದಾದ ಮೇಲೊಂದರಂತೆಯೇ ನಡೆಯಬೇಕಾಗಿದ್ದರೆ, ಸಾವಿರ ಪ್ರೊಸೆಸರ್‌ಗಳಿದ್ದರೂ ವೇಗ 20 ಪಟ್ಟನ್ನು ಮುಟ್ಟದು.

ಮನುಷ್ಯನ ಸಮಯ ಯಂತ್ರದ ಸಮಯಕ್ಕಿಂತ ಬೆಲೆಯುಳ್ಳದ್ದು ಎಂದು ಕೆಲವರು ಆಕ್ಷೇಪಿಸಬಹುದು. ಒಮ್ಮೆ ಓಡಿಸಿ ಮರೆಯುವ ಪ್ರೋಗ್ರಾಮಿನ ಮಟ್ಟಿಗೆ ಅವರ ಮಾತನ್ನು ನಾನೂ ಒಪ್ಪುತ್ತೇನೆ. ಅಳತೆ ಮಾಡದೆ ಊಹೆಯ ಮೇಲೆ ತಿದ್ದಿ ತಿದ್ದಿ ಪ್ರೋಗ್ರಾಮನ್ನು ಅರ್ಥವಾಗದಂತೆ ಮಾಡುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದಂತಹ ಮಹಾಗಣಕ ಒಬ್ಬರ ಸ್ವತ್ತಲ್ಲ. ಅಂತಹ ಯಂತ್ರದಲ್ಲಿ ಒಬ್ಬನು ಹತ್ತು ದಿನ ಓಡಿಸುವ ಲೆಕ್ಕ ಒಂದೇ ದಿನದಲ್ಲಿ ಮುಗಿಯಬಹುದಾಗಿದ್ದರೆ, ಉಳಿದ ಒಂಬತ್ತು ದಿನಗಳನ್ನು ಆತ ಸರದಿಯಲ್ಲಿರುವ ಬೇರೊಬ್ಬನಿಂದ ಕಸಿದುಕೊಂಡಂತೆ. ವಿದ್ಯುತ್ತಿನ ಮಾತಂತೂ ಇದ್ದೇ ಇದೆ.

ಮಹಾಗಣಕ ಸಿಗುವವರೆಗೆ ಕಾಯಬೇಕಾಗಿಲ್ಲ. ಮನೆಯ ಕಂಪ್ಯೂಟರಿನಲ್ಲಿಯೇ ಸಿ ಭಾಷೆಯಲ್ಲಿ ಒಂದು ದೊಡ್ಡ ಮಾತೃಕೆಯ ಸಂಖ್ಯೆಗಳನ್ನು ಮೊದಲು ಅಡ್ಡಸಾಲುಗಳಂತೆ, ಅನಂತರ ಕಂಬಸಾಲುಗಳಂತೆ ಕೂಡಿ, ಎರಡಕ್ಕೂ ಹಿಡಿದ ಕಾಲವನ್ನು ಬರೆದಿಟ್ಟುಕೊಳ್ಳಿರಿ. ಮೊತ್ತ ಒಂದೇ, ಕಾಲ ಬೇರೆ. ಬಳಿಕ ಮಾತೃಕೆಯನ್ನು ಕಿರಿದುಗೊಳಿಸುತ್ತ ಹೋಗಿ, ವ್ಯತ್ಯಾಸ ಯಾವ ಗಾತ್ರದಲ್ಲಿ ಕುಗ್ಗತೊಡಗುವುದೆಂದು ನೋಡಿರಿ. ಆ ಗಾತ್ರವನ್ನು ನಿಮ್ಮ ಯಂತ್ರದ ಕ್ಯಾಶಿನ ಗಾತ್ರದೊಡನೆ ಹೋಲಿಸಿರಿ.